ನೀರಿನ ಪಾಳಿಗೆ ಆಕ್ ಕಲಿತದ್ದು

ನಿವೃತ್ತಿಯ ಮೊದಲ ವರ್ಷ ನಾನು ಮನೆಯವರಿಗೆ ಬಹಳ ತ್ರಾಸು ಕೊಟ್ಟೆ ಎಂದು ಅವರು ಹೇಳುತ್ತಾರೆ. ನನ್ನ ಪ್ರಕಾರ ಆ ವರ್ಷ ಮನೆ ಮೊದಲ ಸಲ ಮನೆಯಂತೆ ನಡೆಯಿತು. ನಾನು ಆಸ್ಪತ್ರೆಗೆ ನರ್ಸ್ ಆಗಿ ಸೇರಿ ಮೇಟ್ರನ್ ಆಗಿ ಹೊರಬಂದವಳು. ಚಿಕ್ಕೋಡಿಯಲ್ಲಿ ಅಣ್ಣನ ಮಗ, ಅವನ ಹೆಂಡತಿ ಇವರ ಜೊತೆ ಇದ್ದೇನೆ. ಬಂದ ವಾರವೇ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಹಾಸಿಗೆಯ ಚಾದರಗಳನ್ನು ವಾರ್ಡಿನಲ್ಲಿ ಮಡಚುವಂತೆ ಮೂಲೆ ಬಿಗಿದು ಮಡಚಿದೆ. ಅಣ್ಣನ ಮಗ ಅದರೊಳಗೆ ಕಾಲು ತೂರಿಸಲಾಗದೆ ಚಾದರದ ಮೇಲೆಯೇ ಮಲಗತೊಡಗಿದ. ನಾನು ಅವನಿಗೂ ಒಂದು ಚೀಟಿ ಅಂಟಿಸುವ ಮೊದಲು ಅವನ ಹೆಂಡತಿ ನನಗೆ ಬೇರೆ ಕೆಲಸ ಹುಡುಕಬೇಕೆಂದು ತೀರ್ಮಾನಿಸಿದಳು.

ಕೆಲಸ ಅಂಕಲಿಯಲ್ಲಿ ಸಿಕ್ಕಿತು. ಅಲ್ಲಿ ನಮ್ಮ ತಂದೆಯ ಹೊಲವಿದೆ. ಅಣ್ಣ ಅಲ್ಲಿಯೇ ಇದ್ದು ಅದನ್ನು ನೋಡಿಕೊಳ್ಳುತ್ತಾನೆ. ಅದರಲ್ಲಿ ನನಗೂ ಪಾಲಿದೆ. ಕೃಷ್ಣೆಯಿಂದ ನೀರೆತ್ತಲು ಅಲ್ಲಿನ ಕೆಲವು ಮನೆತನಗಳು ಸಂಘ ಕಟ್ಟಿಕೊಂಡು ಒಂದು ಪೈಪ್‌ಲೈನ್ ಹಾಕಿಕೊಂಡಿವೆ. ಮೋಟರು ಒಂದೇ, ಪೈಪೂ ಒಂದೇ, ಬಾಯಾರಿದ ಹೊಲಗಳು ಮಾತ್ರ ಹಲವು. ಅದಕ್ಕೇ ಪಾಳಿ: ಯಾರ ಹೊಲಕ್ಕೆ ಯಾವ ದಿನ, ಯಾವ ಹೊತ್ತಿಗೆ, ಎಷ್ಟು ತಾಸು ನೀರು ಎಂಬುದು. ಕರೆಂಟು ಒಂದು ವಾರ ಹಗಲು ಬರುತ್ತದೆ, ಒಂದು ವಾರ ರಾತ್ರಿ. ಒಬ್ಬರ ಮನೆಯಲ್ಲಿ ಮದುವೆ, ಇನ್ನೊಬ್ಬರಿಗೆ ಮಿರಜಿನ ಆಸ್ಪತ್ರೆ, ಹೀಗೆ ಪಾಳಿ ಅದಲುಬದಲಾಗುತ್ತಲೇ ಇರುತ್ತದೆ. ಪಾಳಿ ಬರೆಯುತ್ತಿದ್ದ ನಿವೃತ್ತ ಮಾಸ್ತರರು ಅಥಣಿಯ ಮಗಳ ಮನೆಗೆ ಹೋಗಿಬಿಟ್ಟರು. ಹೋಗುವ ಮೊದಲು ಒಂದೇ ಹೊತ್ತಿಗೆ ಇಬ್ಬರ ಹೆಸರು ಬರೆದಿಟ್ಟಿದ್ದರು. ಆ ಇಬ್ಬರು ಇನ್ನೂ ಮಾತು ಬಿಟ್ಟಿದ್ದಾರೆ.

ಸಂಘದ ಸಭೆಯಲ್ಲಿ ನಾನು ಎದ್ದು, ಪಾಳಿ ನಾನು ಬರೆಯುತ್ತೇನೆ ಎಂದೆ. ಜೀವನವಿಡೀ ನರ್ಸುಗಳ ಡ್ಯೂಟಿ ಪಾಳಿ ಬರೆದವಳು ನಾನು. ಹಬ್ಬದ ದಿನ ರಾತ್ರಿ ಡ್ಯೂಟಿ ಯಾರಿಗೆ ಹಾಕಬೇಕು ಎಂಬುದನ್ನು ತೀರ್ಮಾನಿಸಿಯೂ ಬದುಕಿ ಉಳಿದವಳಿಗೆ ನೀರಿನ ಪಾಳಿ ಯಾವ ಲೆಕ್ಕ?

ಸಂಘದ ಅಧ್ಯಕ್ಷರು ದೊಡ್ಡ ಕಬ್ಬಿನ ಕುಳ, ದೊಡ್ಡ ದನಿ. ಅವರು ನಕ್ಕರು. "ಬಾಯಾರ, ಇದು ನೀರ್ರಿ, ಇಂಜೆಕ್ಷನ್ ಅಲ್ಲ. ಚುಚ್ಚಿ ಸುಮ್ಮ ಕೂಡಸಾಕ ಆಗೂದಿಲ್ಲ."

"ನಿಮಗೂ ಚುಚ್ಚೇನ್ರಿ ನಾನು," ಎಂದೆ. "ಅವತ್ತ ಸೂಜಿ ಇನ್ನೂ ತಾಗಿರಲಿಲ್ಲ, ನಿಮ್ಮ ದನಿ ಗೇಟಿನ ತನಕ ಕೇಳಿತ್ತು."

ಸಭೆ ನಕ್ಕಿತು. ಅಧ್ಯಕ್ಷರು ನಗಲಿಲ್ಲ. ಒಂದು ಸುತ್ತು ನೋಡೋಣ, ಗಡಬಡ ಆದರೆ ಬಿಟ್ಟುಕೊಡಬೇಕು ಎಂದು ಕರಾರು ಹಾಕಿದರು. ನಾನು ಒಪ್ಪಿದೆ. ಆ ಕೆಲಸ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತು ಎಂಬುದು ಮನೆಗೆ ಬಂದು ಮತ್ತೆ ಆ ಚೀಟಿ ಅಂಟಿಸಿದ ಡಬ್ಬಿಗಳ ಮುಂದೆ ನಿಂತಾಗ ತಿಳಿಯಿತು.

ಬರುವ ಸುತ್ತಿನ ಪಾಳಿಯನ್ನು ಮೊದಲ ವಾರ ಕೈಯಲ್ಲಿ ಬರೆದು ನೋಡಿದೆ. ಬೆಳಿಗ್ಗೆ ಬರೆದ ಪಾಳಿ ಮಧ್ಯಾಹ್ನದ ಹೊತ್ತಿಗೆ ಬದಲಾಗುತ್ತಿತ್ತು. ಒಬ್ಬರು ಬದಲಿಸಿದರೆ ಕೆಳಗಿನವರನ್ನೆಲ್ಲ ಮತ್ತೆ ಬರೆಯಬೇಕು. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಚೌಕದ ಹಾಳೆಗಳ ಮೇಲೆ ನನಗೆ ಆಸ್ಪತ್ರೆಯ ಕಾಲದಿಂದಲೂ ಸಿಟ್ಟು. "1-2" ಎಂದು ಗುಳಿಗೆಯ ಪ್ರಮಾಣ ಬರೆದರೆ ಅದು ನನ್ನನ್ನು ಕೇಳದೆಯೇ ತಾರೀಖು ಮಾಡಿಬಿಡುತ್ತಿತ್ತು. ಕೇಳದೆ ಕೆಲಸ ಮಾಡುವವರನ್ನು ನಾನು ವಾರ್ಡಿನಲ್ಲೂ ಇಟ್ಟುಕೊಂಡವಳಲ್ಲ.

ಅಣ್ಣನ ಮಗನ ಹೆಂಡತಿ, ನಮ್ಮ ಸೊಸೆ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನನ್ನ ಗೊಣಗಾಟ ಕೇಳಿ ಕೇಳಿ ಒಂದು ರವಿವಾರ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು. ಪರದೆ ಪೂರ್ತಿ ಕಪ್ಪು. ಮೂಲೆಯಲ್ಲಿ ಒಂದು ಗೀಟು ಮಿಣುಮಿಣು ಎನ್ನುತ್ತಿತ್ತು.

"ಕೆಟ್ಟೈತಿ ಇದು," ಎಂದೆ.

"ಕೆಟ್ಟಿಲ್ಲ ಅತ್ಯಾ. ನೀವು ಏನ ಹೇಳ್ತೀರಿ ಅಂತ ಕಾಯಾಕತ್ತೈತಿ."

ಈ ಮನೆಯಲ್ಲಿ ನಾನು ಹೇಳುವುದಕ್ಕಾಗಿ ಕಾಯುತ್ತಿರುವ ಒಂದು ವಸ್ತುವನ್ನು ಅಂದೇ ಮೊದಲು ಕಂಡದ್ದು.

ಕಂಪ್ಯೂಟರಿಗೆ ಅಪ್ಪಣೆ ಕೊಡಲು ಅವಳು ಕಲಿಸಿದ ಭಾಷೆಯ ಹೆಸರು ಆಕ್. ಹಳೆಯದು, ಚಿಕ್ಕದು, ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತುವ ಗುಂಡಿಯಿಲ್ಲ. ಬರೀ ಅಕ್ಷರಗಳಿರುವ ಕಡತವೊಂದನ್ನು ಕೊಟ್ಟು, ಒಂದು ಸಾಲಿನಲ್ಲಿ ಅಪ್ಪಣೆ ಬರೆದರೆ ಸಾಕು. ಅದು ಕಡತದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದಾಗಿ ನೋಡುತ್ತ ಹೋಗುತ್ತದೆ. ಹೇಳಿದ ಲಕ್ಷಣ ಕಂಡ ಸಾಲಿಗೆ ಹೇಳಿದ ಕೆಲಸ ಮಾಡುತ್ತದೆ. ಕಾಣದಿದ್ದರೆ ಸುಮ್ಮನೆ ಮುಂದಿನ ಸಾಲಿಗೆ ಹೋಗುತ್ತದೆ. ಸೊಸೆ ಇದನ್ನು ವಿವರಿಸಲು ಏನೇನೋ ಉದಾಹರಣೆ ಹುಡುಕುತ್ತಿದ್ದಳು. ನಾನೇ ತಡೆದೆ. ಇದು ಬೆಳಗಿನ ವಾರ್ಡ್ ರೌಂಡು. ಮೊದಲ ಮಂಚದಿಂದ ಕೊನೆಯ ಮಂಚದವರೆಗೆ ಹೋಗು, ಜ್ವರ ಇದ್ದವರಿಗೆ ಗುಳಿಗೆ ಕೊಡು, ಇಲ್ಲದವರ ಜೊತೆ ಹರಟೆ ಹೊಡೆಯಬೇಡ. ರೌಂಡ್ ಶುರುವಾಗುವ ಮೊದಲು ಮಾಡುವ ಕೆಲಸಕ್ಕೆ ಅದರಲ್ಲಿ ಒಂದು ಜಾಗವಿದೆ, ಮುಗಿದ ಮೇಲೆ ಮಾಡುವುದಕ್ಕೆ ಇನ್ನೊಂದು. ಕೈ ತೊಳೆದುಕೊಳ್ಳುವುದು, ವರದಿ ಬರೆಯುವುದು. ಇದನ್ನು ಮಾಡಿದವರು ಯಾರೋ ಗೊತ್ತಿಲ್ಲ, ಅವರ ಮನೆಯಲ್ಲಿ ಒಬ್ಬ ನರ್ಸ್ ಇದ್ದಿರಬೇಕು.

ಅರ್ಥವಾಯಿತು ಎಂದರೆ ಬಂತು ಎಂದಲ್ಲ. ಮೊದಲ ದಿನ ಅಪ್ಪಣೆಯ ಕೊನೆಯಲ್ಲಿ ಉದ್ಧರಣ ಚಿಹ್ನೆ ಮುಚ್ಚುವುದನ್ನು ಮರೆತೆ. ಯಂತ್ರ ಬೈಯಲಿಲ್ಲ, ಕೆಲಸವನ್ನೂ ಮಾಡಲಿಲ್ಲ, ಒಂದು ಬಾಣದ ಗುರುತು ತೋರಿಸಿ ಸುಮ್ಮನೆ ಕೂತಿತು. ನಾನೂ ಕೂತೆ. ಆಪರೇಷನ್ ಥಿಯೇಟರಿನ ಹೊರಗೆ ಕೂತು ಅಭ್ಯಾಸವಿದೆ ನನಗೆ. ಸೊಸೆ ಕಾಲೇಜಿನಿಂದ ಬಂದಾಗಲೂ ನಾವಿಬ್ಬರೂ ಹಾಗೆಯೇ ಕೂತಿದ್ದೆವು.

"ಅತ್ಯಾ, ನಿಮ್ಮ ಮಾತು ಮುಗದಿಲ್ಲ ಅಂತ ಅದು ಹಾದಿ ನೋಡಾಕತ್ತೈತಿ."

"ನಿನ್ನ ಗಂಡಗ ಕಲಸ ಬೇ ಇದನ್ನ," ಎಂದೆ.

ಅಭ್ಯಾಸಕ್ಕೆಂದು ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಮಾತುಕತೆಯನ್ನೆಲ್ಲ ಒಂದು ಕಡತ ಮಾಡಿಕೊಟ್ಟಳು. ಯಾರು ಎಷ್ಟು ಸಲ ಶುಭೋದಯ ಹೇಳಿದ್ದಾರೆ ಎಂದು ಎಣಿಸುವ ಅಪ್ಪಣೆ ಬರೆದೆ. ಅಣ್ಣ ಎಲ್ಲರನ್ನೂ ಹಿಂದೆ ಹಾಕಿದ್ದ. ಅದೇ ಹುರುಪಿನಲ್ಲಿ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟದ್ದು ಎಷ್ಟು ಎಂದೂ ಹುಡುಕಿದೆ. ಅಲ್ಲಿ ಅಣ್ಣನ ಹೆಸರೇ ಬರಲಿಲ್ಲ. ಫಲಿತಾಂಶವನ್ನು ಗುಂಪಿಗೇ ಕಳಿಸಿದೆ. ಅಣ್ಣ ಅದಕ್ಕೆ ಕೈಮುಗಿದ ಚಿತ್ರವೊಂದನ್ನು ಕಳಿಸಿ, ಮರುದಿನ ಬೆಳಿಗ್ಗೆ ಮತ್ತೆ ಗುಲಾಬಿ ಹೂವಿನೊಂದಿಗೆ ಶುಭೋದಯ ಹೇಳಿದ.

ಅಷ್ಟರಲ್ಲಿ ನನಗೆ ಧೈರ್ಯ ಬಂದಿತ್ತು. ನೀರಿನ ಪಾಳಿಯ ಕಡತ ಮಾಡಿದೆ. ಒಬ್ಬರಿಗೆ ಒಂದು ಸಾಲು. ಮೊದಲು ಮನೆತನ, ಆಮೇಲೆ ವಾರ, ಆಮೇಲೆ ಗಂಟೆ, ಕೊನೆಗೆ ಎಷ್ಟು ತಾಸು. ಸಂಘದವರು ಫೋನಿನಲ್ಲಿ ಹೇಳಿದ್ದನ್ನು ಹೇಳಿದ ಹಾಗೆ ತುಂಬಿದೆ. ಗಂಟೆಯನ್ನು ಮಾತ್ರ ಆಸ್ಪತ್ರೆಯ ಪದ್ಧತಿಯಲ್ಲಿ ಬರೆದೆ: ರಾತ್ರಿ ಹತ್ತು ಎಂದರೆ ಇಪ್ಪತ್ತೆರಡು, ರಾತ್ರಿ ಎರಡು ಎಂದರೆ ಬರೀ ಎರಡು. ಮೊದಲು ವಾರ, ಒಂದೇ ವಾರದಲ್ಲಿ ಸಣ್ಣ ಗಂಟೆ ಮೊದಲು, ದೊಡ್ಡ ಗಂಟೆ ಆಮೇಲೆ ಎಂದು ಅಪ್ಪಣೆ ಕೊಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಇಡೀ ಸುತ್ತಿನ ಪಾಳಿ ಸಾಲಾಗಿ ನಿಂತಿತು, ಮುಂದೆ ತಾರೀಖು ಸಮೇತ. ಬೆಳಗಿನ ಪ್ರಾರ್ಥನೆಗೆ ನಿಂತ ಹೊಸ ನರ್ಸುಗಳೂ ಅಷ್ಟು ನೇರ ನಿಂತಿರಲಿಲ್ಲ.

ಅದನ್ನು ಛಾಪಿಸಿ, ಹೊಲಗಳಿಗೆ ನೀರು ಬಿಡುವ ವಾಲ್ವಿನವನಿಗೆ ಕೊಟ್ಟು ಬಂದೆ. "ಮ್ಯಾಲಿಂದ ಕೆಳಗ ಹೋಗು. ನಡುವ ನಿನ್ನ ತಲಿ ಓಡಸಬ್ಯಾಡ," ಎಂದೆ. ಅವನು ಶಿಸ್ತಿನ ಮನುಷ್ಯ. ಒಂದೊಂದು ಸಾಲಿಗೂ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡ.

ಸುತ್ತು ಸೋಮವಾರದಿಂದ ಶುರು. ಸೋಮವಾರ ಬೆಳಿಗ್ಗೆ ನಾನು ಚಹಾ ಸೋಸುವ ಹೊತ್ತಿಗೆ ಅಣ್ಣನ ಫೋನು ಬಂತು. ಅವನು ಶುಭೋದಯ ಹೇಳಲಿಲ್ಲ. ಅಷ್ಟರಿಂದಲೇ ನನಗೆ ಗಾಬರಿಯಾಯಿತು.

"ಲಗೂನ ಬಾ," ಎಂದ. "ಅಧ್ಯಕ್ಷರ ಟ್ರ್ಯಾಕ್ಟರ್ ಹುಗದೈತಿ, ಬಾಗವಾನ ಬಂದು ಕುಂತಾನ, ನಿನ್ನ ಹೆಸರ ಹೇಳಾಕತ್ತಾರ."

ಸೊಸೆಗೆ ಮಧ್ಯಾಹ್ನದವರೆಗೆ ಕ್ಲಾಸ್ ಇರಲಿಲ್ಲ. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಅವಳೂ ಹೊರಟಳು. ಬಸ್ಸಿನಲ್ಲಿ ನಾನು ಛಾಪಿಸಿದ ಪಾಳಿಯನ್ನು ಮತ್ತೆ ಮತ್ತೆ ನೋಡಿದೆ. ಒಂದು ತಪ್ಪೂ ಕಾಣಲಿಲ್ಲ.

ಪಂಪ್‌ಹೌಸಿನ ಮುಂದೆ ಎಲ್ಲರೂ ಸೇರಿದ್ದರು. ಆದದ್ದು ಇಷ್ಟು. ಪಾಳಿಯ ಮೊಟ್ಟಮೊದಲ ಸಾಲು ಬಾಗವಾನರದು, ಸೋಮವಾರ ಎರಡು ಗಂಟೆ. ಅವರು ತರಕಾರಿ ಬೆಳೆಯುವವರು, ಶನಿವಾರವಷ್ಟೇ ಬದನೆಯ ಸಸಿ ನೆಟ್ಟಿದ್ದರು. ರವಿವಾರ ಎಲ್ಲರೂ ಮಲಗಿದ ಮೇಲೆ, ಮೊಬೈಲಿನಲ್ಲಿ ಸೋಮವಾರದ ತಾರೀಖು ಬಂದು ಎರಡು ಹೊಡೆದಾಗ, ವಾಲ್ವಿನವನು ಅಲಾರಾಂ ಕೇಳಿ ಎದ್ದು ಹೋಗಿ ಬಾಗವಾನರ ಕಡೆಗೆ ನೀರು ಬಿಟ್ಟ. ಬಾಗವಾನರು ಹೊಲದಲ್ಲಿರಲಿಲ್ಲ. ಅವರ ಲೆಕ್ಕದಲ್ಲಿ ಅವರ ಪಾಳಿಗೆ ಇನ್ನೂ ಒಂದು ಪೂರ್ತಿ ಹಗಲು ಬಾಕಿ ಇತ್ತು. ಸಸಿಯ ಸಾಲುಗಳ ಕಡೆಗೆ ಕಾಲುವೆಯ ಬಾಯಿ ತೆಗೆದಿರಲಿಲ್ಲ. ನೀರು ಕಾಲುವೆ ಹಿಡಿದು ನೇರ ಇಳಿಜಾರಿಗೆ ಹೋಗಿ, ಕೆಳಗಿದ್ದ ಅಧ್ಯಕ್ಷರ ಹೊಸ ಕಬ್ಬಿಗೆ ನುಗ್ಗಿತು. ಹೊಲದ ಅಂಚಿನಲ್ಲಿ ನಿಲ್ಲಿಸಿದ್ದ ಅವರ ಟ್ರ್ಯಾಕ್ಟರಿನ ಗಾಲಿ ಅರ್ಧ ಹೂತಿತು.

"ಏನ್ರಿ ಬಾಯಾರ ಇದು, ನಿಮ್ಮ ಮಶೀನ?" ಎಂದರು ಅಧ್ಯಕ್ಷರು.

"ಸೋಮವಾರ ಎರಡಕ್ಕ ಅಂತ ಬರದೈತಿ. ಸೋಮವಾರ ಎರಡಕ್ಕ ಬಿಟ್ಟಾನ. ಬರೋಬರ ಐತಲ್ಲ?" ಎಂದೆ.

ಬಾಗವಾನರು ಮೆತ್ತಗಿನ ಮನುಷ್ಯ. "ರವಿವಾರ ರಾತ್ರಿ ಬಿಟ್ಟಾರ್ರಿ ಬಾಯಾರ. ನಾ ಹೇಳಿದ್ದು ಸೋಮವಾರ ರಾತ್ರಿ."

"ಹನ್ನೆರಡು ಹೊಡೀತಂದ್ರ ಸೋಮವಾರ ಆತಲ್ರಿ."

ಇದಕ್ಕೆ ಉತ್ತರ ಬಂದದ್ದು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ ಅಧ್ಯಕ್ಷರ ತಾಯಿಯಿಂದ. "ಹೊತ್ತ ಹೊಂಡದ ಸೋಮವಾರ ಹ್ಯಾಂಗಾಗ್ತತಿ ಬೇ ನರ್ಸಬಾಯಿ? ನೀ ದವಾಖಾನ್ಯಾಗೂ ಹಿಂಗ ಮಾಡ್ತಿದ್ದಿ."

ಆಗ ನನಗೆ ತಿಳಿಯಿತು. ಹೆರಿಗೆ ವಾರ್ಡಿನಲ್ಲಿ ನಾನು ವರ್ಷಗಟ್ಟಲೆ ಆಡಿದ ಜಗಳವೇ ಇದು. ನಸುಕಿನಲ್ಲಿ ಹುಟ್ಟಿದ ಮಗುವಿಗೆ ನಾವು ಹೊಸ ತಾರೀಖು ಬರೆಯುತ್ತಿದ್ದೆವು. ಹೊರಗಿನ ಅಜ್ಜಿಯರು ಒಪ್ಪುತ್ತಿರಲಿಲ್ಲ. ಸೂರ್ಯ ಹುಟ್ಟುವವರೆಗೆ ಅವರಿಗೆ ಹಿಂದಿನ ದಿನವೇ. ಅಮಾವಾಸ್ಯೆ ತಪ್ಪಿಸಿ ಹುಟ್ಟಿದ ಮೊಮ್ಮಗನನ್ನು ನಾನು ಪೆನ್ನಿನಿಂದ ಅಮಾವಾಸ್ಯೆಗೆ ತಳ್ಳಿದೆನೆಂದು ಒಬ್ಬ ಅಜ್ಜಿ ಮೂರು ದಿನ ನನ್ನ ಕೈಯಿಂದ ನೀರು ಮುಟ್ಟಿರಲಿಲ್ಲ. ಈ ಸೀಮೆಯಲ್ಲಿ ರಾತ್ರಿ ಎಂಬುದು ಕಳೆದ ಹಗಲಿನ ಬಾಲ. ಅದನ್ನು ಹನ್ನೆರಡಕ್ಕೆ ಕತ್ತರಿಸುವವರು ನಾನು, ವಾಲ್ವಿನವನ ಮೊಬೈಲು ಮತ್ತು ಆಕ್ ಮಾತ್ರ. ಅವರು "ಸೋಮವಾರ ರಾತ್ರಿ ಎರಡು" ಎಂದದ್ದನ್ನು ನಾನು "ಸೋಮ 2" ಎಂದು ಬರೆದೆ. ಯಂತ್ರ ಅದನ್ನು ಸೋಮವಾರದ ತುದಿಯಿಂದ ಕಿತ್ತು ತಲೆಯ ಮೇಲೆ ಇಟ್ಟಿತು. ಹಾಗೆ ಬರೆದ ಸಾಲುಗಳು ಇನ್ನೂ ಹಲವಿದ್ದವು. ಮುಂದಿನ ಎಲ್ಲ ರಾತ್ರಿಯೂ ಇದೇ ಆಗುತ್ತಿತ್ತು.

ನನಗೆ ಮೊದಲು ಹೊಳೆದದ್ದು ನನಗೆ ಹೊಳೆಯುವಂಥದೇ. "ಇನ್ನ ಮ್ಯಾಲೆ ಹನ್ನೆರಡು ದಾಟಿದ್ರ ಮರುದಿನದ ವಾರ ಹೇಳ್ರಿ ಎಲ್ಲಾರೂ," ಎಂದೆ.

"ಅಂದ್ರ ನಾವೆಲ್ಲಾ ನಿಮ್ಮ ಡಬ್ಬಿ ಸಲುವಾಗಿ ವಾರ ಬದಲಿ ಮಾಡ್ಬೇಕಾ?" ಎಂದರು ಅಧ್ಯಕ್ಷರು. "ಕರಾರ ಆಗೇತಿ. ಗಡಬಡ ಆತು. ಪಾಳಿ ಬರಿಯೂದು ಬ್ಯಾರೇದವರಿಗೆ ಕೊಡೂಣು. ಬಾಗವಾನನ ಪಾಳಿ ಆಗಿಹೋತು, ಅವನ ಹೆಸರ ಮ್ಯಾಲೆ ನೀರ ಬಿಟ್ಟೈತಿ. ಇನ್ನ ಮುಂದಿನ ಸುತ್ತಿಗೆ ನೋಡೂಣು."

ಬಾಗವಾನರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಮುಂದಿನ ಸುತ್ತಿನ ಹೊತ್ತಿಗೆ ಆ ಸಸಿಗಳು ಒಲೆಗೆ ಹಾಕಲು ಮಾತ್ರ ಬರುತ್ತಿದ್ದವು. ನಾನು ಆ ಕೆಲಸ ಉಳಿಸಿಕೊಳ್ಳುವ ಯೋಚನೆಯನ್ನು ಅಲ್ಲಿಯೇ ಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಸಿ, ಕೆಲಸ ಎರಡನ್ನೂ ಒಟ್ಟಿಗೇ ಯೋಚಿಸಿದೆ.

ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆಸಿದೆ. ಸೊಸೆ ಕೈ ಹಾಕಲು ಬಂದಳು. "ನಾ ಬರೀತೀನಿ, ನೀ ನೋಡು," ಎಂದೆ. ಗಂಟೆ ಆರಕ್ಕಿಂತ ಕಡಿಮೆ ಇದ್ದ ಸಾಲು ಕಂಡರೆ ಆ ಗಂಟೆಗೆ ಇಪ್ಪತ್ನಾಲ್ಕು ಕೂಡಿಸು. ಅಷ್ಟೇ ಅಪ್ಪಣೆ. ಉದ್ಧರಣ ಚಿಹ್ನೆ ಮುಚ್ಚಿದೆ. ಸೋಮವಾರದ ಎರಡು ಗಂಟೆ ಇಪ್ಪತ್ತಾರು ಗಂಟೆಯಾಗಿ, ರಾತ್ರಿ ಹತ್ತರ ಪಾಳಿಯ ಕೆಳಗೆ, ತನ್ನ ಜಾಗಕ್ಕೆ ಹೋಗಿ ನಿಂತಿತು. ಜನರನ್ನು ಹನ್ನೆರಡಕ್ಕೆ ಎಬ್ಬಿಸುವುದಕ್ಕಿಂತ ಯಂತ್ರಕ್ಕೆ ನಸುಕಿನವರೆಗೆ ನಿದ್ದೆ ಮಾಡಲು ಹೇಳುವುದು ಸುಲಭವಿತ್ತು.

ಅಣ್ಣ ಹಿಂದಿನಿಂದ ಬಗ್ಗಿ ನೋಡಿದ. "ಇಪ್ಪತ್ತಾರ ತಾಸು? ಯಾವ ಗಡಿಯಾರದಾಗ ಐತಿ ಬೇ ಇದು?"

"ನಿಮ್ಮ ಊರಿನ ಗಡಿಯಾರದಾಗ. ನಿಮಗೆಲ್ಲಾ ಗೊತ್ತಿತ್ತು, ಬರದಿದ್ದಿಲ್ಲ ಅಷ್ಟ."

ವಾಲ್ವಿನವನು ಪರದೆ ನೋಡಿ ಬೆರಳು ಮಡಚಿದ. "ಇಪ್ಪತ್ತಾರ ಅಂದ್ರ ಸೋಮವಾರ ರಾತ್ರಿ ಎರಡು. ಅಲಾರಾಂ ಮಂಗಳವಾರದ್ದ ಇಡತೀನ್ರಿ."

ಉಳಿದದ್ದು ಬಾಗವಾನರ ಪಾಳಿ. ಇದು ಯಂತ್ರದ ಪ್ರಶ್ನೆಯಲ್ಲ. ಪಟ್ಟಿಯಲ್ಲಿ ಅವರ ಮೇಲಿನ ಸಾಲು, ಅಂದರೆ ಆ ರಾತ್ರಿ ಹತ್ತು ಗಂಟೆಯ ಪಾಳಿ, ಅಧ್ಯಕ್ಷರದೇ ಆಗಿತ್ತು. ವಾರ್ಡಿನಲ್ಲಿ ಒಬ್ಬ ರೋಗಿಯ ಗುಳಿಗೆ ಇನ್ನೊಬ್ಬ ನುಂಗಿದರೆ ಏನು ಮಾಡಬೇಕೆಂದು ನನಗೆ ಗೊತ್ತು. ಗುಳಿಗೆ ಯಾರ ಹೆಸರಿನದು ಎಂದು ಕೇಳಬಾರದು. ಯಾರ ಹೊಟ್ಟೆಯಲ್ಲಿದೆ ಎಂದು ಕೇಳಬೇಕು.

"ಅಧ್ಯಕ್ಷರ, ರಾತ್ರಿ ಬಿಟ್ಟ ನೀರು ಎಲ್ಲಿ ನಿಂತೈತ್ರಿ?"

"ಕಾಣಸೂದಿಲ್ಲೇನ್ರಿ? ನನ್ನ ಟ್ರ್ಯಾಕ್ಟರ್ ಗಾಲಿ ಹುಗದೈತಿ."

"ಗಾಲಿ ಬಿಡ್ರಿ. ಕಬ್ಬಿನ ಸಾಲಿನಾಗ?"

ಅವರು ಕಬ್ಬಿನ ಕಡೆಗೆ ತಿರುಗಿ ನೋಡಿದರು.

"ನಿಮ್ಮ ಕಬ್ಬು ನೀರ ಕುಡದೈತಿ. ನಿಮ್ಮ ಪಾಳಿ ಆತು. ಇವತ್ತ ಹತ್ತಕ್ಕ ಬಾಗವಾನರು ನೀರ ಹಾಯಸ್ತಾರ. ಇಪ್ಪತ್ತಾರು ಗಂಟೆ ಖಾಲಿ ಆತು, ಯಾರಿಗೆ ಬೇಕ್ರಿ?"

ಇಬ್ಬರು ಒಟ್ಟಿಗೆ ಕೈ ಎತ್ತಿದರು. ಮಾತು ಬಿಟ್ಟಿದ್ದ ಆ ಇಬ್ಬರೇ. ತಾಸು ಹಂಚಿಕೊಳ್ಳಿ ಎಂದೆ. ಅವರು ನನ್ನ ಮೂಲಕವೇ ಮಾತಾಡಿ ಹಂಚಿಕೊಂಡರು.

ಅಧ್ಯಕ್ಷರ ಮುಖ ಕೆಂಪಾಗಿತ್ತು. "ಇದು ಅನ್ಯಾಯ. ನಾ ಬೇಡಿದ ನೀರಲ್ಲ ಅದು. ಮುಂದಿನ ಸುತ್ತಿನಿಂದ ಪಾಳಿ ಯಾರ ಬರೀತಾರ ಅಂತ ಈಗ ಪಕ್ಕಾ ಆಗಬೇಕು."

ನಾನು ಲ್ಯಾಪ್‌ಟಾಪ್ ಮುಚ್ಚಲಿಲ್ಲ, ಆದರೆ ಬೆರಳು ತೆಗೆದೆ. ಕರಾರು ನಾನೇ ಒಪ್ಪಿದ್ದು. ಕೊಡು ಎಂದರೆ ಕೊಡಬೇಕಿತ್ತು. ಆ ಕೆಲವು ಕ್ಷಣ ನನಗೆ ಚಿಕ್ಕೋಡಿಯ ಅಡುಗೆಮನೆ ಕಣ್ಣ ಮುಂದೆ ಬಂತು, ಅಷ್ಟೇನೂ ಚೆನ್ನಾಗಿ ಕಾಣಲಿಲ್ಲ.

ಅಧ್ಯಕ್ಷರ ತಾಯಿ ಎಲೆ ಅಡಿಕೆ ಉಗುಳಿ ಬಾಯಿ ಒರೆಸಿಕೊಂಡರು. "ನೀ ಬರೀತಿ ಏನಪಾ?" ಎಂದು ಮಗನನ್ನು ಕೇಳಿದರು.

"ನಾ ಯಾಕ ಬರೀಲಿ, ಆಯಿ?"

"ಮತ್ತ ಸುಮ್ಮ ಟ್ರ್ಯಾಕ್ಟರ್ ತಗಿ ಹೋಗು. ಹೊತ್ತ ಏರೇತಿ."

ಅವರು ಹೋದರು. ನಾಲ್ಕು ಜನ ಹಗ್ಗ ಹಿಡಿದು ಹಿಂದೆ ಹೋದರು, ಬಾಗವಾನರೂ ಹೋದರು. ವಾಲ್ವಿನವನು ಮಾತ್ರ ನಿಂತಿದ್ದ. ಹಳೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿತ್ತ.

"ಹೊಸಾ ಪಾಳಿ ಯಾವಾಗ ಕೊಡ್ತೀರಿ ಬಾಯಾರ? ಹತ್ತಕ್ಕ ಮೊದಲ ಅಲಾರಾಂ ಇಡಬೇಕು."

"ಬಾಗವಾನರದು ಮ್ಯಾಲೆ ಹಾಕಿ, ಅಧ್ಯಕ್ಷರದು ತಗದು, ಈ ಹಾಳಿ ಹಿಂದ ಬರದು ಈಗ ಕೊಡ್ತೀನಿ. ಕುಂಡರು," ಎಂದೆ.